ಕರಿಕಲ್ಲಿನ ಕಾಂತತ್ವ: ಎಂ.ಎಸ್ಸಿ. ನಂತರ ಸಂಶೋಧನೆಗೆ ದಾರಿ ಯಾವುದು?

ಪ್ರಶ್ನೆ: ಮಧುಗಿರಿಯ ವಿದ್ಯಾರ್ಥಿನಿ

ತುಮಕೂರಿನಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮೂರ ಗುಡ್ಡದ ನೆತ್ತಿಯಲ್ಲಿ ಬಿಳಿ ಬಂಡೆಯನ್ನು ಸೀಳಿಕೊಂಡು ಹೋಗಿರುವ ಕರಿಕಲ್ಲಿನ ಪಟ್ಟಿಯ ಮೇಲೆ ದಿಕ್ಸೂಚಿ ಇಟ್ಟಾಗ, ಮುಳ್ಳು ಉತ್ತರವನ್ನು ಬಿಟ್ಟು ಬೇರೆಡೆಗೆ ತಿರುಗಿತು. ಭೂಮಿಯ ಪ್ರಾಚೀನ ಕಾಂತಕ್ಷೇತ್ರದ ಬಗ್ಗೆ ಪಿಎಚ್.ಡಿ. ಮಾಡುವ ಆಸೆ ಅಂದಿನಿಂದ ಹುಟ್ಟಿದೆ. ಭೂವಿಜ್ಞಾನ ಓದದವರಿಗೆ ಅವಕಾಶವಿದೆಯೇ?

ಉತ್ತರ 1: ನಿವೃತ್ತ ಅಧ್ಯಾಪಕ, ತುಮಕೂರು

ಖಂಡಿತ ಇದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ನವಿ ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆ, ಈ ಎರಡರ ಪ್ರಕಟಣೆಗಳನ್ನು ಮೊದಲು ಗಮನಿಸಿ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಸಂಶೋಧನೆ ಆರಂಭಿಸುವವರಿಗೆ ಕೊಡುವ ಕಿರಿಯ ಫೆಲೋಶಿಪ್) ದೊರೆತರೆ, 2023ರ ಪರಿಷ್ಕರಣೆಯಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ನಿಮ್ಮ ಭೌತಶಾಸ್ತ್ರ ಇಲ್ಲಿ ಕೊರತೆಯಲ್ಲ, ಬಂಡವಾಳ.

ವಿಷಯಕ್ಕೂ ಬರಗಾಲವಿಲ್ಲ. ನೀವು ಕಂಡಂಥ, ಕರಗಿದ ಶಿಲೆ ಬಂಡೆಯ ಬಿರುಕಿಗೆ ನುಗ್ಗಿ ಗಟ್ಟಿಯಾದ ಪಟ್ಟಿಗಳಿಗೆ ಡೈಕು ಎನ್ನುತ್ತಾರೆ. ನಮ್ಮ ನೆಲದ ತಳಹದಿಯಾದ ಪ್ರಾಚೀನ ಧಾರವಾಡ ಭೂಖಂಡದ ಡೈಕುಗಳಲ್ಲಿ ಒಂದು ದೊಡ್ಡ ಗುಂಪಿಗೆ ಸುಮಾರು 237 ಕೋಟಿ ವರ್ಷ ವಯಸ್ಸು. ಕರಗಿದ ಶಿಲೆ ಆರುತ್ತಾ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಅದರೊಳಗಿನ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಅಂದಿನ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ದಿಕ್ಕಿನಿಂದ ಆ ನೆಲ ಅಂದು ಯಾವ ಅಕ್ಷಾಂಶದಲ್ಲಿತ್ತೆಂದು ಲೆಕ್ಕ ಹಾಕಬಹುದು. ಕ್ಷೇತ್ರದ ಬಲವನ್ನು ಅಳೆಯುವುದು ಇದಕ್ಕಿಂತ ಬಹಳ ಕಷ್ಟ. ಆದರೆ ಭೂಮಿಯ ಒಳತಿರುಳು ಯಾವಾಗ ಗಟ್ಟಿಯಾಯಿತು ಎಂಬ, ಇನ್ನೂ ತೀರದ ವಾದಕ್ಕೆ ಬೇಕಾದದ್ದು ಆ ಅಳತೆಯೇ. ನನ್ನನ್ನು ಕೇಳಿದರೆ, ನೀವು ಅದಕ್ಕೇ ಕೈ ಹಾಕಬೇಕು.

ಉತ್ತರ 2: ಸಂಶೋಧನಾ ವಿದ್ಯಾರ್ಥಿ, ಚಿಂತಾಮಣಿ

ಸರ್ ಹೇಳಿದ್ದು ಸರಿ. ಒಂದು ಎಚ್ಚರಿಕೆ ಮಾತ್ರ: ಗುಡ್ಡದ ನೆತ್ತಿಯಲ್ಲಿ ಮುಳ್ಳು ಅಷ್ಟು ತಿರುಗಿದ್ದರೆ ಅಲ್ಲಿ ಎಂದೋ ಸಿಡಿಲು ಬಡಿದಿರುವ ಸಂಭವ ಹೆಚ್ಚು. ಸಿಡಿಲಿನ ವಿದ್ಯುತ್ತು ಹಳೆಯ ಗುರುತನ್ನು ಮುಚ್ಚಿ, ತನ್ನದೇ ಕಾಂತತ್ವವನ್ನು ಬಲವಾಗಿ ಒತ್ತಿಬಿಡುತ್ತದೆ. ಅಂಥ ಜಾಗ ಬಿಟ್ಟು, ಅದೇ ಪಟ್ಟಿ ಕೆಳಗೆ ಕಲ್ಲುಕ್ವಾರಿಯಲ್ಲಿ ಬಯಲಾಗಿದೆಯೇ ನೋಡಿ. ಸಿಡಿಸಿ ಉರುಳಿಸಿದ ಕಲ್ಲು ಎಷ್ಟೇ ಚೆನ್ನಾಗಿದ್ದರೂ ಬೇಡ, ನೆಲಕ್ಕೆ ಅಂಟಿಕೊಂಡಿರುವುದೇ ಆಗಬೇಕು. ನಾವು ನೀರು ಹಾಯಿಸುತ್ತಾ ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡು ಕೊರೆದು, ತೆಗೆಯುವ ಮೊದಲೇ ಕಡ್ಡಿಯ ನೆರಳು ಮತ್ತು ಗಡಿಯಾರ ನೋಡಿ ದಿಕ್ಕು ಗುರುತಿಸುತ್ತೇವೆ. ಇಂಥ ಕಲ್ಲಿನ ಬಳಿ ದಿಕ್ಸೂಚಿಯೊಂದನ್ನೇ ನಂಬುವಂತಿಲ್ಲ. ಮೋಡವಿದ್ದರೆ ಕಾಯುವುದೇ ಕೆಲಸ!

ಪ್ರಶ್ನಿಸಿದವರು

ಧನ್ಯವಾದಗಳು ಸರ್. ಆ ಪಟ್ಟಿ ಗುಡ್ಡದ ಬುಡದ ಹಳೆಯ ಕ್ವಾರಿಯಲ್ಲಿಯೂ ಕಾಣುತ್ತದೆ. ಮಾಲೀಕರ ಅನುಮತಿ ಕೇಳಿ, ಭಾನುವಾರ ಅಲ್ಲಿಯೂ ಮುಳ್ಳನ್ನು ನೋಡಿ ಬರೆಯುತ್ತೇನೆ.