ದೊಡ್ಡಪ್ಪನ ಬಣ್ಣದ ಕಪಾಟು: ಉಜ್ಜಿಸಿ ಪಾಲಿಶ್ ಮಾಡಿಸಲೇ, ಹಾಗೇ ಬಿಡಲೇ?

ಡೊಂಬಿವಲಿ_ಜಲವರ್ಣ

ಮುಂಬೈಯ ಗಿರಗಾಂವ್ ಚಾಳಿನಲ್ಲಿದ್ದ ದೊಡ್ಡಪ್ಪನ ಖೋಲಿ ರೀಡೆವಲಪ್‌ಮೆಂಟಿಗೆ ಹೋಯಿತು. ಪಾತ್ರೆಪಗಡಿ ಅಣ್ಣ ಒಯ್ದ. ಬಣ್ಣ ಇಡುವ ಕಪಾಟು ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂತು. ದೊಡ್ಡಪ್ಪ ಅಂಗಡಿ ಬೋರ್ಡು, ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಇದನ್ನು ಅವರು ಮಾಡಿಸಿದ್ದಲ್ಲ, ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇದನ್ನೇ ಕೊಂಡದ್ದು. ಅಷ್ಟೇ ಗೊತ್ತು.

ಸೊಂಟದೆತ್ತರ ಇದೆ. ಮೇಲೆ ಎರಡು ಅಗಲವಾದ ತೆಳು ಡ್ರಾವರು, ಒಳಗಿನ ಅಳತೆ 31 ಇಂಚಿಗೆ 23. ಕೆಳಗೆ ಆರು ಸಣ್ಣವು, ಒಳಗೆ ಪಟ್ಟಿ ಹೊಡೆದು ಮನೆ ಮಾಡಿದ್ದಾರೆ. ಬಲಗಡೆ ಉದ್ದ ಬಾಗಿಲು, ಒಳಗೆ ಬಾಟಲಿ ಇಡಲು ಮೆಟ್ಟಿಲು. ಹಿತ್ತಾಳೆ ಹಿಡಿಗಳಲ್ಲಿ ಎರಡು ಕಾಣೆ. ಮೂಲೆಗಳಲ್ಲಿ ಮೊಳೆಯೇ ಇಲ್ಲ, ಹಲಗೆಗೆ ಹಲಗೆ ಕಚ್ಚಿಸಿದ ಡವ್‌ಟೇಲ್. ಒಂದು ಹಲ್ಲು ದಪ್ಪ, ಪಕ್ಕದ್ದು ಸಣ್ಣ. ಡ್ರಾವರ್ ತಿರುಗಿಸಿದರೆ ತಳದಲ್ಲಿ ಪೆನ್ಸಿಲಿನಲ್ಲಿ ೧, ೨, ೩ ಅಂತ ಕನ್ನಡ ಅಂಕಿ! ನಮ್ಮ ಕಡೆಯ ಆಚಾರಿ ಮಾಡಿದ್ದಿರಬಹುದೇ?

ಇಲ್ಲಿನ ಸುತಾರ (ಬಡಗಿ) ಬಂದು ನೋಡಿ, ಮಶಿನ್ ಹಾಕಿ ಉಜ್ಜಿ ಪಿಯು (ಪಾಲಿಯುರಿಥೇನ್) ಪಾಲಿಶ್ ಹೊಡೆದರೆ ಹೊಸದೇ ಆಗುತ್ತದೆ ಎಂದ. ನಮ್ಮನೆಯವರಿಗೂ ಅದೇ ಸರಿ ಅನ್ನಿಸಿದೆ. ನನಗೆ ಮನಸ್ಸಿಲ್ಲ. ಒಂದು ಸಣ್ಣ ಡ್ರಾವರು ಬೇರೆ ಅರ್ಧಕ್ಕೆ ನಿಂತು ಅಲುಗುತ್ತಿಲ್ಲ, ಅದರೊಳಗೆ ಹಳದಿ ಪುಡಿ ಚೆಲ್ಲಿದೆ. ನನ್ನ ಕಾಗದ, ಟ್ಯೂಬು ಎಲ್ಲ ಇದರಲ್ಲೇ ಇಡಬೇಕೆಂಬ ಆಸೆ. ಏನು ಮಾಡಲಿ?

ಪುಣೆ_ತೋಪಡ

ತಂಗಿ, ಮೊದಲು ಆ ಸುತಾರನಿಗೆ ಚಹಾ ಕೊಟ್ಟು ಕಳಿಸು. ಭವಾನಿ ಪೇಟೆಯ ಟಿಂಬರ್ ಮಾರ್ಕೆಟಿನಲ್ಲಿ ಮರದ ಹೊಟ್ಟು ಕುಡಿದೇ ಮುದುಕನಾದವನು ನಾನು, ಆದ್ದರಿಂದ ಹೇಳುತ್ತಿದ್ದೇನೆ.

ಪಾಲಿಶಿಗಿಂತ ಮೊದಲು ಆ ಹಳದಿ ಪುಡಿ. ಬೋರ್ಡ್ ಬರೆಯುವವರ ಹಳದಿ ಎಂದರೆ ಆಗ ಬಹಳಮಟ್ಟಿಗೆ ಕ್ರೋಮ್ ಯೆಲ್ಲೋ, ಅದು ಸೀಸದ ಬಣ್ಣ. ಹಳೆಯ ಬಿಳಿಯಲ್ಲೂ ಸೀಸ ಇರುತ್ತಿತ್ತು. ಮಶಿನ್ ಹಾಕಿದಿರೋ, ಮನೆಯವರೆಲ್ಲ ಅದನ್ನೇ ಉಸಿರಾಡಬೇಕು. ಚಿಕ್ಕ ಮಕ್ಕಳಿದ್ದರೆ ಕೇಳುವುದೇ ಬೇಡ. ಪೊರಕೆ ಮುಟ್ಟಿಸಬೇಡ, ಮನೆಯ ವ್ಯಾಕ್ಯೂಮೂ ಬೇಡ. ಎನ್ 95 ಮಾಸ್ಕ್, ಕೈಗವಸು ಹಾಕಿಕೊಂಡು, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆ. ಆ ಬಟ್ಟೆ ತೊಳೆದು ಮತ್ತೆ ಬಳಸುವ ಉಳಿತಾಯ ಬೇಡ, ಚೀಲಕ್ಕೆ ಹಾಕಿ ಕಟ್ಟು.

ಈಗ ಪಾಲಿಶ್. ಹಿಂಬದಿಯಲ್ಲಿ, ಕಾಣದ ಕಡೆ, ಹತ್ತಿಗೆ ಸ್ಪಿರಿಟ್ ಅದ್ದಿ ಒತ್ತಿ ನೋಡು. ಅಂಟಂಟಾಗಿ ಕಂದು ಬಿಟ್ಟರೆ ಅದು ಅರಗಿನ ಪಾಲಿಶ್, ಇಲ್ಲಿ ಚಪ್ಡಾ ಅಂತಾರೆ. ಅರಗಿನ ಮೇಲೆ ಹೊಸ ಅರಗು ಎಳೆದರೆ ಹಳೆಯದೂ ಕರಗಿ ಜೊತೆಗೆ ಕೂಡಿಕೊಳ್ಳುತ್ತದೆ, ಕೆರೆಯುವ ಕೆಲಸವೇ ಇಲ್ಲ. ಪಿಯು ಹಾಗಲ್ಲ. ಇನ್ನೊಮ್ಮೆ ಕೆಟ್ಟಿತೋ, ಮರದವರೆಗೂ ಕೆರೆಯಬೇಕು.

ಡ್ರಾವರ್ ನಿಂತದ್ದು ಮಳೆಗಾಲದ ಕೆಲಸ. ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕಿಲ್ಲ. ಈಗ ತೋಪಡ ಹೊಡೆಸಿ ಹೆರೆಸಿದರೆ ಜನವರಿಯಲ್ಲಿ ಲಟಲಟ ಅನ್ನುತ್ತದೆ. ದೀಪಾವಳಿ ಕಳೆಯಲಿ, ತಾನೇ ಬಿಟ್ಟೀತು. ಬಿಟ್ಟ ಮೇಲೆ ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜು.

ಇನ್ನು ಯಾರಾದರೂ ಅಗಸೆ ಎಣ್ಣೆ ಹಚ್ಚಿ ಎನ್ನುತ್ತಾರೆ, ನೋಡುತ್ತಿರು. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಕಡ್ಡಿ ಗೀರದೆಯೂ ಹೊತ್ತಿಕೊಳ್ಳುತ್ತದೆ.

ಮಾಟುಂಗಾ_ಕಾಪಿ

ನಾನು ಅಗಸೆ ಎಣ್ಣೆ ಅಂತ ಬರೆಯಲಿಕ್ಕೇ ಬಂದವನು. ವಾಪಸ್ ತಗೊಂಡೆ.

ಆದರೆ ಅಂಕಿ ನೋಡಿದ ಕೂಡಲೇ ಆಚಾರಿಯನ್ನು ನಮ್ಮೂರಿಗೆ ಸೇರಿಸಬೇಡಿ. ತೆಲುಗಿನ ಅಂಕಿಯೂ ಹೆಚ್ಚುಕಡಿಮೆ ಹೀಗೇ. ಚೋರ್ ಬಜಾರಿಗೆ ಹತ್ತಿರದ ಕಾಮಾಠಿಪುರಕ್ಕೆ ಹೆಸರು ಬಂದದ್ದೇ ತೆಲುಗು ನಾಡಿನಿಂದ ಬಂದ ಕಾಮಾಠಿ ಕೆಲಸಗಾರರಿಂದ. ಕೀಲಿನ ಸ್ಕ್ರೂ ನೋಡಿ. ತಲೆಯ ಮೇಲೆ ಪ್ಲಸ್ ಇದ್ದರೆ ಆ ಸ್ಕ್ರೂ 1930ರ ದಶಕಕ್ಕಿಂತ ಹಳೆಯದಲ್ಲ. ಯಾರೋ ಆಮೇಲೆ ಬದಲಿಸಿರಲೂಬಹುದು, ಅದೊಂದು ತಕರಾರು.

ಮಡಗಾಂವ್_ಕುಂಚ

ಎಲ್ಲರೂ ಅಳತೆಯನ್ನು ಬಿಟ್ಟೇಬಿಟ್ಟಿರಲ್ಲ! ಜಲವರ್ಣದ ಇಂಪೀರಿಯಲ್ ಹಾಳೆ 22 ಇಂಚಿಗೆ 30. ಡ್ರಾವರು 23ಕ್ಕೆ 31, ಅಂದರೆ ಉದ್ದಕ್ಕೂ ಅಗಲಕ್ಕೂ ಒಂದೊಂದು ಇಂಚು ಸಡಿಲ. ಪೂರ್ತಿ ಹಾಳೆ ಮಡಿಸದೆ ಮಲಗಿಸಲೆಂದೇ ಅಳೆದು ಮಾಡಿದ್ದು ಅಂತ ನನ್ನ ಊಹೆ. ಬೋರ್ಡ್ ಬರೆಯುವವರಿಗೆ ಇದು ಬೇಕಿರಲಿಲ್ಲ. ದೊಡ್ಡಪ್ಪನಿಗಿಂತ ಮೊದಲಿನ ಒಡೆಯರು ನಿಮ್ಮ ದಾರಿಯವರೇ ಇರಬೇಕು. 1857ರಿಂದ ಜೆಜೆ ಕಲಾಶಾಲೆ ಇರುವ ಊರಿನಲ್ಲಿ ಅಂಥವರಿಗೇನು ಬರ.

ಆದರೆ ಬರಿಮರದ ಮೇಲೆ ಕಾಗದ ಇಡಬೇಡಿ. ಮರದಿಂದ ಆಮ್ಲ ಹೊರಡುತ್ತಲೇ ಇರುತ್ತದೆ, ಹಾಳೆಯ ಅಂಚು ಹಳದಿಯಾಗುತ್ತದೆ. ಆಮ್ಲರಹಿತ ಕಾಗದ ಹಾಸಿ. ಮಳೆಗಾಲದಲ್ಲಿ ಹಾಳೆಗಳನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಳದ ಡಬ್ಬದಲ್ಲಿಡುವುದೇ ಕ್ಷೇಮ. ಬೂಷ್ಟು ಹಿಡಿದು ಕಾಗದದ ಮೇಲಿನ ಅಂಟಿನ ಲೇಪ (ಸೈಜಿಂಗ್) ಹೋದರೆ ಬಣ್ಣ ಚುಕ್ಕೆಚುಕ್ಕೆಯಾಗಿ ಹೀರಿಕೊಳ್ಳುತ್ತದೆ.

ಡೊಂಬಿವಲಿ_ಜಲವರ್ಣ

ಸ್ಪಿರಿಟಿಗೆ ಕಂದು ಬಿಟ್ಟಿತು, ಹತ್ತಿ ಅಂಟಿಕೊಂಡಿತು. ಸ್ಕ್ರೂಗಳಿಗೆ ಒಂದೇ ಗೀರು. ಸುತಾರನಿಗೆ ಬೇಡವೆಂದು ಹೇಳಿಯಾಯಿತು, ಚಹಾ ಕೊಟ್ಟೇ. ನಮ್ಮನೆಯವರು ಈಗ ಅದರ ಮೇಲೆ ಟಿವಿ ಇಡಬಹುದಲ್ಲ ಎನ್ನುತ್ತಿದ್ದಾರೆ, ಅದಕ್ಕೆ ಉತ್ತರ ನಾನೇ ಕೊಡುತ್ತೇನೆ. ಅಣ್ಣಾ, ಕಾಣೆಯಾದ ಹಿಡಿಗಳಿಗೆ ಏನು ಮಾಡಲಿ?

ಪುಣೆ_ತೋಪಡ

ಇರುವ ಹಿಡಿ ಒಂದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಮಟನ್ ಸ್ಟ್ರೀಟಿಗೇ ಹೋಗು. ಶುಕ್ರವಾರ ಬೇಡ, ಅಂಗಡಿಗಳು ಮುಚ್ಚಿರುತ್ತವೆ. ಎರಡು ತೂತಿನ ನಡುವಿನ ಅಂತರ ಅಳೆದುಕೊಂಡು ಹೋಗು. ಅದು ಹೊಂದಿದರೆ ನಮೂನೆ ಸ್ವಲ್ಪ ಬೇರೆ ಇದ್ದರೂ ತಗೋ. ಹೊಸ ತೂತು ಮಾತ್ರ ಕೊರೆಸಬೇಡ.