ವಾರಕ್ಕೆ ಐದೂ ದಿನ ಆಫೀಸು: ಅಮೆರಿಕದ ಫೆಡರಲ್ ನೌಕರಿಯಲ್ಲಿರುವವರಿಗೆ ಗೊತ್ತಿದ್ದವರ ಮಾತು

ಪ್ರಶ್ನೆ (ಆಶ್‌ಬರ್ನ್ ಮನೆಯವರು)

ಎಲ್ಲರಿಗೂ ನಮಸ್ಕಾರ. ವಾಷಿಂಗ್ಟನ್ ಡಿ.ಸಿ.ಯ ಒಂದು ಫೆಡರಲ್ ಇಲಾಖೆಯಲ್ಲಿ ಜಿಎಸ್-13 ಸಂಬಳ ದರ್ಜೆಯ ಐಟಿ ಹುದ್ದೆ ನನ್ನದು. ಆಫೀಸು ಲಾನ್‌ಫಾಂ ಪ್ಲಾಜಾ ಸ್ಟೇಷನ್ ಹತ್ತಿರ, ಮನೆ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ. ಮನೆಯಿಂದ ಕೆಲಸ ಬಿಟ್ಟು ಆಫೀಸಿಗೆ ಮರಳಬೇಕೆಂಬ 2025ರ ಜನವರಿ 20ರ ಅಧ್ಯಕ್ಷರ ಆದೇಶ ಬಂದ ಮೇಲೂ ಕಟ್ಟಡದಲ್ಲಿ ಜಾಗವಿಲ್ಲವೆಂದು ನಮ್ಮ ವಿಭಾಗದ ಸರದಿ ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ಪತ್ರ ಕೈಗೆ ಬಂದಿದೆ, ಮುಂದಿನ ತಿಂಗಳಿಂದ ಐದೂ ದಿನ ಹಾಜರಿ. ಮನೆಯಲ್ಲಿ ಆರು ಮತ್ತು ಹನ್ನೊಂದು ವರ್ಷದ ಮಕ್ಕಳಿದ್ದಾರೆ, ಅತ್ತೆಗೆ ಮಂಡಿ ಆಪರೇಷನ್ ಆಗಬೇಕಿದೆ. ಯಜಮಾನರು ಖಾಸಗಿ ಕಂಪನಿಯಲ್ಲಿದ್ದಾರೆ, ಬೆಳಿಗ್ಗೆ ಮನೆಯಲ್ಲಿರಬಲ್ಲರು. ಸರಿಯೋ ತಪ್ಪೋ ಎಂಬ ಚರ್ಚೆ ಬೇಡ, ಅದು ಸಾಕಷ್ಟಾಗಿದೆ. ಇರುವ ನಿಯಮದೊಳಗೆ ಏನೇನು ಮಾಡಿಟ್ಟುಕೊಳ್ಳಬೇಕು, ತಿಳಿದವರು ಹೇಳಿ.

ಉತ್ತರ (ಕಡತ ಓದುವವರು)

ಮೇಡಂ, ಮೊದಲು ನಿಮ್ಮ ಇತ್ತೀಚಿನ ಎಸ್‌ಎಫ್-50 (ಹುದ್ದೆ, ಸಂಬಳದ ಬದಲಾವಣೆ ದಾಖಲಾಗುವ ಫಾರಂ) ತೆಗೆದು 39ನೇ ಕಲಂ ನೋಡಿ. ಅಲ್ಲಿ ಡ್ಯೂಟಿ ಸ್ಟೇಷನ್ ಎಂದು ಯಾವ ಊರಿದೆಯೋ ಅದರ ಮೇಲೆ ಮಿಕ್ಕದ್ದೆಲ್ಲ ನಿಂತಿದೆ. ಡಿ.ಸಿ. ಎಂದಿದ್ದರೆ ನೀವು ಟೆಲಿವರ್ಕ್‌ನವರು, ಎಂದರೆ ಜಾಗ ಆಫೀಸಿನಲ್ಲಿದ್ದು ಅನುಮತಿಯ ಮೇಲೆ ಮನೆಯಿಂದ ಮಾಡುವವರು. ಸಂಬಳದಲ್ಲಿ ಏನೂ ಬದಲಾಗುವುದಿಲ್ಲ, ಮನೆಯಿಂದ ಮಾಡುವ ಅನುಮತಿ ಮಾತ್ರ ವಾಪಸ್ ಹೋಗುತ್ತದೆ. ಮನೆಯ ಊರಿದ್ದರೆ ನೀವು ರಿಮೋಟ್‌ನವರು, ಎಂದರೆ ಮನೆಯೇ ಕೆಲಸದ ಜಾಗವಾದವರು; ಹೊಸ ಎಸ್‌ಎಫ್-50 ಬರಬೇಕು. ಆಗ ಲೊಕ್ಯಾಲಿಟಿ ಪೇ (ಊರಿನ ವಲಯಕ್ಕೆ ತಕ್ಕಂತೆ ಮೂಲ ಸಂಬಳಕ್ಕೆ ಸೇರುವ ಭಾಗ) ಕೂಡ ಆಫೀಸಿರುವ ಊರಿನದಾಗುತ್ತದೆ. ಆಶ್‌ಬರ್ನ್ ಡಿ.ಸಿ. ವಲಯದೊಳಗೇ ಇರುವುದರಿಂದ ನಿಮಗೆ ವ್ಯತ್ಯಾಸವಾಗದು. ದೂರದ ಸಣ್ಣ ಊರಿನಲ್ಲಿ ರಿಮೋಟ್ ಇದ್ದವರಿಗೆ ಇದು ದೊಡ್ಡ ಮಾತು: 2025ರ ಪಟ್ಟಿಯಲ್ಲಿ 'ರೆಸ್ಟ್ ಆಫ್ ಯುಎಸ್' (ಬೇರೆ ಯಾವ ವಲಯಕ್ಕೂ ಸೇರದ ಊರುಗಳು) ದರ ಶೇ 17.06, ಡಿ.ಸಿ.ಯದು ಶೇ 33.94. ಆಫೀಸಿಗೆ ಹಾಜರಾಗಿಯೂ ಹಳೆಯ ದರದಲ್ಲೇ ಸಂಬಳ ಬಂದರೆ ಸುಮ್ಮನಿರಬೇಡಿ. ಎಚ್‌ಆರ್‌ಗೆ ಬರೆದು, ಹಾಜರಾದ ದಿನದಿಂದಲೇ ಜಾರಿಯಾಗುವಂತೆ ತಿದ್ದಿಸಿ.

ಇನ್ನೊಂದು ಮಾತು ಇಲ್ಲಿ ಓದುತ್ತಿರುವ ದೂರದವರಿಗೆ. ಮನೆಯಿಂದ ಓಡಾಡಲಾಗದಷ್ಟು ದೂರದ ಊರಿಗೆ ವರ್ಗ ಮಾಡಿದರೆ, "ಆಗಲ್ಲ" ಎಂದು ರಾಜೀನಾಮೆ ಬರೆದುಕೊಟ್ಟು ಹೊರಡಬೇಡಿ. ಬರವಣಿಗೆಯಲ್ಲಿ ವರ್ಗದ ಆದೇಶ ಬಂದು, ನೀವು ಬರವಣಿಗೆಯಲ್ಲೇ ನಿರಾಕರಿಸಿದರೆ, ಹುದ್ದೆಗೆ ಮೊಬಿಲಿಟಿ ಕರಾರು (ವರ್ಗ ಮಾಡಿದಲ್ಲಿಗೆ ಹೋಗುತ್ತೇನೆಂಬ ಒಪ್ಪಂದ) ಇಲ್ಲದಿದ್ದಲ್ಲಿ ಸೆವರೆನ್ಸ್ ಪೇ (ಕೆಲಸ ಹೋದಾಗ ಕೊಡುವ ಪರಿಹಾರ) ಸಿಗುವ ದಾರಿ ಇದೆ. ವಯಸ್ಸು 50 ಆಗಿ 20 ವರ್ಷ ಸೇವೆ, ಅಥವಾ ಯಾವ ವಯಸ್ಸಿಗಾದರೂ 25 ವರ್ಷ ಸೇವೆ ಇದ್ದರೆ ಡಿಸ್‌ಕಂಟಿನ್ಯೂಡ್ ಸರ್ವಿಸ್ ನಿವೃತ್ತಿ (ತನ್ನ ತಪ್ಪಿಲ್ಲದೆ ಕೆಲಸ ಹೋದವರಿಗೆ ಬೇಗನೆ ಸಿಗುವ ಪಿಂಚಣಿ) ಕೇಳಬಹುದು. ತಕ್ಷಣದ ಪಿಂಚಣಿಗೆ ಅರ್ಹರಾದವರಿಗೆ ಸೆವರೆನ್ಸ್ ಇಲ್ಲ, ಎರಡರಲ್ಲಿ ಒಂದೇ. ಬೇಸರದಲ್ಲಿ ಬರೆದ ಎರಡು ಸಾಲಿನ ಇಮೇಲ್ ಇದೆಲ್ಲವನ್ನೂ ಕಳೆದುಬಿಡಬಹುದು.

ಉತ್ತರ (ವೇಳಾಪಟ್ಟಿ)

ಟೆಲಿವರ್ಕ್ ಹೋಯಿತೆಂದರೆ ಎಲ್ಲ ಸಡಿಲಿಕೆಯೂ ಹೋಯಿತು ಎಂದು ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಎಲ್ಲಿ ಕೂರಬೇಕೆಂಬುದು ಒಂದು ನಿಯಮ, ಯಾವ ಹೊತ್ತಿಗೆ ಕೂರಬೇಕೆಂಬುದು ಬೇರೆಯದೇ ನಿಯಮ. ಎರಡನೆಯದನ್ನು ಬಹಳ ಇಲಾಖೆಗಳು ಮುಟ್ಟಿಲ್ಲ.

ನಿಮ್ಮ ಮುಂದೆ ಮುಖ್ಯವಾಗಿ ಮೂರು ದಾರಿ. 5/4/9 ಎಂದರೆ ಎರಡು ವಾರಕ್ಕೆ ಎಂಟು ದಿನ ಒಂಬತ್ತು ಗಂಟೆ, ಒಂದು ದಿನ ಎಂಟು ಗಂಟೆ, ಹತ್ತನೇ ದಿನ ರಜೆ, ಒಟ್ಟು 80. 4/10 ಎಂದರೆ ವಾರಕ್ಕೆ ನಾಲ್ಕೇ ದಿನ, ದಿನಕ್ಕೆ ಹತ್ತು ಗಂಟೆ. ಮೂರನೆಯದು ಫ್ಲೆಕ್ಸಿಬಲ್ ಬಗೆಯವು: ಗ್ಲೈಡಿಂಗ್ (ದಿನಕ್ಕೆ ಎಂಟೇ ಗಂಟೆ), ಮ್ಯಾಕ್ಸಿಫ್ಲೆಕ್ಸ್ (ದಿನದ ಗಂಟೆಗಳನ್ನೂ ಬದಲಿಸಬಹುದು) ಇತ್ಯಾದಿ. ಇವುಗಳಲ್ಲಿ ಬರುವ ಹೋಗುವ ಹೊತ್ತನ್ನು ನೀವು ಸ್ವಲ್ಪ ಸರಿಸಿಕೊಳ್ಳಬಹುದು.

ಎಲ್ಲರಿಗೂ ಮೊದಲು 4/10 ಮೇಲೆ ಕಣ್ಣು ಬೀಳುತ್ತದೆ. ಆಶ್‌ಬರ್ನ್‌ನಿಂದ ಹೋಗಿ ಬರುವವರಿಗೆ ನಾನಂತೂ ಬೇಡ ಎನ್ನುತ್ತೇನೆ. ಹತ್ತು ಗಂಟೆ ಕೆಲಸ, ಸಂಬಳವಿಲ್ಲದ ಅರ್ಧ ಗಂಟೆ ಊಟ, ಬಾಗಿಲಿನಿಂದ ಬಾಗಿಲಿಗೆ ಒಂದೂಕಾಲು ಗಂಟೆಯಂತೆ ಎರಡು ಪ್ರಯಾಣ. ಹದಿಮೂರು ಗಂಟೆ ಆಯಿತು. ಆರು ವರ್ಷದ ಮಗು ಎದ್ದಿರುವಾಗ ಅಮ್ಮನ ಮುಖ ನೋಡುವುದೇ ಕಷ್ಟ. ನಿಮ್ಮವರು ಬೆಳಿಗ್ಗೆ ಮನೆಯಲ್ಲಿರುತ್ತಾರೆಂದರೆ ಗ್ಲೈಡಿಂಗ್ ತೆಗೆದುಕೊಂಡು 6:30ಕ್ಕೆ ಶುರು ಮಾಡಿ, 3ಕ್ಕೆ ಎದ್ದರೆ ನಾಲ್ಕೂಕಾಲಕ್ಕೆ ಮನೆ. ಶಾಲೆಯ ನಂತರದ ಕೇರ್‌ಗಳು ಬಹಳ ಕಡೆ 6ಕ್ಕೋ 6:30ಕ್ಕೋ ಬಾಗಿಲು ಹಾಕುತ್ತವೆ, ತಡವಾದರೆ ನಿಮಿಷದ ಲೆಕ್ಕದಲ್ಲಿ ದಂಡ. ಮೆಟ್ರೋ ಒಂದು ದಿನ ಕೆಟ್ಟು ನಿಂತರೂ ನಿಮಗೆ ಅವಕಾಶ ಉಳಿಯುತ್ತದೆ.

ಎಡವುವ ಜಾಗಗಳೂ ಇವೆ. 5/4/9 ಮತ್ತು 4/10 ಕಂಪ್ರೆಸ್ಡ್ (ಕಡಿಮೆ ದಿನಗಳಿಗೆ ಒತ್ತಿದ) ಗುಂಪಿನವು: ಒಂಬತ್ತು ಗಂಟೆಯ ದಿನ ರಜೆ ಹಾಕಿದರೆ ಖಾತೆಯಿಂದ ಒಂಬತ್ತು ಗಂಟೆ ಹೋಗುತ್ತದೆ. ಆದರೆ ಸರ್ಕಾರಿ ರಜೆ ಅಂಥ ದಿನ ಬಿದ್ದರೆ ಒಂಬತ್ತಕ್ಕೂ ಸಂಬಳ ಉಂಟು. ಫ್ಲೆಕ್ಸಿಬಲ್‌ನಲ್ಲಿ ಸರ್ಕಾರಿ ರಜೆ ಎಂದರೆ ಎಂಟೇ ಗಂಟೆ. ಮ್ಯಾಕ್ಸಿಫ್ಲೆಕ್ಸ್ ಇಟ್ಟುಕೊಂಡು ಒಂಬತ್ತು ಗಂಟೆಯಂತೆ ದುಡಿಯುವವರು ಉಳಿದ ಒಂದನ್ನು ಬೇರೆ ದಿನ ತುಂಬಬೇಕು, ಇಲ್ಲವೇ ರಜೆಯಿಂದ ಕೊಡಬೇಕು. ಕ್ರೆಡಿಟ್ ಅವರ್ (ಹೆಚ್ಚುವರಿ ದುಡಿದು ಆಮೇಲೆ ಬಿಡುವಾಗಿ ಬಳಸುವ ಗಂಟೆ) ಗಳಿಸುವುದು ಫ್ಲೆಕ್ಸಿಬಲ್‌ನವರಿಗೆ ಮಾತ್ರ, ಪೂರ್ಣಾವಧಿ ನೌಕರರು ಮುಂದಿನ ಪೇ ಪೀರಿಯಡ್‌ಗೆ (ಎರಡು ವಾರದ ಸಂಬಳದ ಅವಧಿ) ಒಯ್ಯಬಹುದಾದದ್ದು 24 ಗಂಟೆ. ಮಗುವಿನ ಡಾಕ್ಟರ್ ಭೇಟಿಗೆ, ಶಾಲೆಯ ಮೀಟಿಂಗಿಗೆ ಇದು ಬಂಗಾರ.

ವೇಳಾಪಟ್ಟಿ ಬದಲಾಗುವುದು ಹೊಸ ಪೇ ಪೀರಿಯಡ್ ಶುರುವಾಗುವ ಭಾನುವಾರದಿಂದ. ಹಾಗಾಗಿ ಪತ್ರ ಜಾರಿಯಾಗುವ ಮುಂಚೆಯೇ ಮೇಲಧಿಕಾರಿಗೆ ಅರ್ಜಿ ಕೊಡಿ. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. "ಕೋರ್ ಅವರ್ (ಎಲ್ಲರೂ ಇರಲೇಬೇಕಾದ ಹೊತ್ತು) ಪೂರ್ತಿ ಇರುತ್ತೇನೆ, ಐಟಿ ದೂರುಗಳ ಟಿಕೆಟ್ ಸರದಿ ತಪ್ಪುವುದಿಲ್ಲ" ಎಂದು ಅವರ ತೊಂದರೆಗೆ ಉತ್ತರ ನೀವೇ ಬರೆದುಕೊಟ್ಟರೆ ಸಹಿ ಬೇಗ ಬೀಳುತ್ತದೆ.

ಉತ್ತರ (ಸಿಲ್ವರ್ ಲೈನ್)

ಆಶ್‌ಬರ್ನ್‌ಗೆ ಮೆಟ್ರೋದ ಸಿಲ್ವರ್ ಲೈನ್ ರೈಲು ಬಂದದ್ದು 2022ರ ನವೆಂಬರ್ 15ರಂದು, ಅದೇ ನಿಮ್ಮ ಪುಣ್ಯ. 2025ರ ಜೂನ್‌ನಿಂದ ಸಿಲ್ವರ್ ಲೈನ್ ಪೂರ್ವ ತುದಿಯಲ್ಲಿ ಕವಲಾಗಿ ಕೆಲವು ಗಾಡಿ ಲಾರ್ಗೋಗೆ, ಕೆಲವು ನ್ಯೂ ಕ್ಯಾರಲ್ಟನ್‌ಗೆ ಹೋಗುತ್ತವೆ. ಲಾನ್‌ಫಾಂ ಪ್ಲಾಜಾ ಕವಲಿಗಿಂತ ಮೊದಲೇ ಬರುವುದರಿಂದ ಯಾವುದನ್ನು ಹತ್ತಿದರೂ ಸರಿ.

ವಾರದ ದಿನಗಳಲ್ಲಿ ಒಂದು ಸಲದ ಗರಿಷ್ಠ ದರ 6.75 ಡಾಲರ್, ಅಷ್ಟು ದೂರಕ್ಕೆ ನಿಮಗೆ ಅದೇ ಬೀಳುವುದು. ಹೋಗಿ ಬರಲು 13.50, ಇಪ್ಪತ್ತು ದಿನಕ್ಕೆ 270. ಫೆಡರಲ್ ಟ್ರಾನ್ಸಿಟ್ ಸಬ್ಸಿಡಿಯ (ರೈಲು, ಬಸ್ಸಿನ ಖರ್ಚಿಗೆ ಇಲಾಖೆ ಕೊಡುವ ದುಡ್ಡು) ತಿಂಗಳ ಮಿತಿ 2025ರಲ್ಲಿ 325, 2026ರಲ್ಲಿ 340 ಡಾಲರ್. ಹಾಗಾಗಿ ಕೈಯಿಂದ ಹೋಗುವುದೇನಿಲ್ಲ. ಆದರೆ ಅರ್ಜಿಯಲ್ಲಿ ಮಿತಿಯಷ್ಟೂ ಬರೆಯಬೇಡಿ, ನಿಜವಾದ ಖರ್ಚನ್ನೇ ಬರೆಯಿರಿ. ಸುಳ್ಳು ಲೆಕ್ಕಕ್ಕೆ ಶಿಸ್ತು ಕ್ರಮ ಇದೆ. ತಿಂಗಳಲ್ಲಿ ಬಳಸದೆ ಉಳಿದ ಸಬ್ಸಿಡಿ ನಿಮ್ಮದಾಗಿ ಉಳಿಯುವುದಿಲ್ಲ, ಇಲಾಖೆಗೆ ವಾಪಸ್. ಪಾರ್ಕಿಂಗ್ ಈ ದುಡ್ಡಿನಲ್ಲಿ ಬರುವುದಿಲ್ಲ, ಅದರ ಲೆಕ್ಕ ಬೇರೆ.

ಪ್ರತಿ ತಿಂಗಳೂ ಅರ್ಜಿಗೆ ಕಡೆಯ ದಿನವೊಂದಿರುತ್ತದೆ. ತಪ್ಪಿದರೆ ಒಂದು ತಿಂಗಳು ಕೈಯಿಂದಲೇ. ಮೆಟ್ರೋದ ಸ್ಮಾರ್ಟ್‌ಟ್ರಿಪ್ ಕಾರ್ಡ್ ನಿಮ್ಮ ಹೆಸರಿಗೆ ನೋಂದಾಯಿಸಿರಬೇಕು. ಪ್ಲಾಸ್ಟಿಕ್ ಕಾರ್ಡ್ ಬಿಟ್ಟು ಫೋನಿಗೆ ಹಾಕಿಕೊಂಡರೆ ನಂಬರ್ ಬದಲಾಗಬಹುದು, ಅದನ್ನು ಸಬ್ಸಿಡಿ ಅರ್ಜಿಯಲ್ಲೂ ತಿದ್ದಿಸಿ. ದುಡ್ಡು ಬಿದ್ದಿಲ್ಲ ಎಂದು ಗೇಟಿನ ಮುಂದೆ ಪೇಚಾಡುವವರಲ್ಲಿ ಅನೇಕರದು ಇದೇ ಕಥೆ.

ಕಾರಿನಲ್ಲಿ ಹೋಗುವ ಯೋಚನೆ ಬಿಡಿ. ಗ್ರೀನ್‌ವೇ, ಡಲಸ್ ಟೋಲ್ ರೋಡ್, ಆಮೇಲೆ ಬೆಲ್ಟ್‌ವೇ (ಡಿ.ಸಿ. ಸುತ್ತಿನ ವರ್ತುಲ ರಸ್ತೆ) ಒಳಗಿನ ಐ-66: ಹೆಜ್ಜೆಗೊಂದು ಸುಂಕದ ಕಟ್ಟೆ. ಐ-66ರಲ್ಲಿ ಮೂವರಿದ್ದರೆ ಬಿಟ್ಟಿ, ಅದಕ್ಕೂ ಇ-ಝಡ್‌ಪಾಸ್ ಫ್ಲೆಕ್ಸ್ ಎಂಬ ಸುಂಕದ ಬೇರೆ ಡಬ್ಬಿ ಬೇಕು, ಅದರ ಗುಂಡಿಯನ್ನು ಎಚ್‌ಒವಿ (ಹೆಚ್ಚು ಜನರಿರುವ ಕಾರು) ಕಡೆಗೆ ಸರಿಸಿರಬೇಕು. ಮರೆತರೆ ಮೂವರಿದ್ದೂ ಸುಂಕ.

ಕಮ್ಯೂಟರ್ ಕನೆಕ್ಷನ್ಸ್‌ನ ಗ್ಯಾರಂಟೀಡ್ ರೈಡ್ ಹೋಮ್‌ಗೆ ಇವತ್ತೇ ಹೆಸರು ನೋಂದಾಯಿಸಿ. ವಾರಕ್ಕೆ ಎರಡು ದಿನವಾದರೂ ರೈಲು, ಬಸ್ಸು ಅಥವಾ ಕಾರ್‌ಪೂಲ್‌ನಲ್ಲಿ ಹೋಗುವವರಿಗೆ ವರ್ಷಕ್ಕೆ ನಾಲ್ಕು ಸಲ ತುರ್ತಿನಲ್ಲಿ ಬಿಟ್ಟಿಯಾಗಿ ಮನೆಗೆ ಬಿಡಿಸುತ್ತಾರೆ. "ಮಗುವಿಗೆ ಜ್ವರ, ಬನ್ನಿ" ಎಂದು ಶಾಲೆಯಿಂದ ಫೋನ್ ಬಂದಾಗ ಬೇಕಾಗುವುದು ಇದೇ.

ಉತ್ತರ (ರಜೆ ಲೆಕ್ಕ)

ಅತ್ತೆಯ ವಿಷಯಕ್ಕೆ ಬರುತ್ತೇನೆ. ಎಫ್‌ಎಂಎಲ್‌ಎಯ (ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ) 12 ವಾರ ನಿಮ್ಮ ಸ್ವಂತ ತಂದೆತಾಯಿಗೆ ಸಿಗುತ್ತದೆ, ಅತ್ತೆ-ಮಾವನಿಗೆ ಸಿಗುವುದಿಲ್ಲ. ಇದು ಗೊತ್ತಾದಾಗ ನಮ್ಮವರಿಗೆ ಆಶ್ಚರ್ಯ. ಆದರೆ ಸಿಕ್ ಲೀವ್ ನಿಯಮದಲ್ಲಿ ಕುಟುಂಬ ಎಂದರೆ ಗಂಡ ಅಥವಾ ಹೆಂಡತಿಯ ತಂದೆತಾಯಿಯೂ ಸೇರಿದ್ದಾರೆ. ಸಾಮಾನ್ಯ ಆರೈಕೆಗೆ ವರ್ಷಕ್ಕೆ 104 ಗಂಟೆ, ಆಸ್ಪತ್ರೆ ಸೇರುವಂಥ ಗಂಭೀರ ಸ್ಥಿತಿಯಾದರೆ ಆ 104 ಸೇರಿ ಒಟ್ಟು 480 ಗಂಟೆ ತನಕ, ನಿಮ್ಮ ಖಾತೆಯಲ್ಲಿದ್ದರೆ. ಆಪರೇಷನ್ ತಾರೀಖು ಗೊತ್ತಾದ ಕೂಡಲೇ ರಜೆ ಅರ್ಜಿಯ ಒಪಿಎಂ-71 ಫಾರಂ ಕೊಡಿ. ಡಾಕ್ಟರ ಪತ್ರದಲ್ಲಿ ಕಾಯಿಲೆಯ ಹೆಸರಷ್ಟೇ ಸಾಲದು, "ಇಷ್ಟು ವಾರ ಜೊತೆಗೊಬ್ಬರು ಬೇಕು" ಎಂಬ ಸಾಲು ಇರಲಿ. ನಿಮ್ಮ ಯಜಮಾನರಿಗೆ ಅದು ಸ್ವಂತ ತಾಯಿ, ಕಂಪನಿ ಎಫ್‌ಎಂಎಲ್‌ಎ ವ್ಯಾಪ್ತಿಯಲ್ಲಿದ್ದರೆ ಅವರು ಆ ರಜೆ ತೆಗೆದುಕೊಳ್ಳಬಹುದು. ಇಬ್ಬರೂ ಹಂಚಿಕೊಳ್ಳಿ.

ಮಕ್ಕಳಿಗೆ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಇದೆ, ಎಂದರೆ ತೆರಿಗೆಗೆ ಮುಂಚೆಯೇ ಸಂಬಳದಿಂದ ಆರೈಕೆಯ ಖರ್ಚಿಗೆ ತೆಗೆದಿಡುವ ಖಾತೆ. ಮಿತಿ 2025ರಲ್ಲಿ ಮನೆಗೆ 5,000, 2026ರಿಂದ 7,500 ಡಾಲರ್. ಕೇರ್‌ನ ಖರ್ಚು ಬದಲಾದರೆ ವರ್ಷದ ನಡುವೆಯೂ ಸೇರಬಹುದು. ಬದಲಾವಣೆಗೆ 31 ದಿನ ಮುಂಚಿನಿಂದ 60 ದಿನ ನಂತರದವರೆಗೆ ಅವಕಾಶ, 61ನೇ ದಿನ ಹೋದರೆ ಮುಂದಿನ ಓಪನ್ ಸೀಸನ್ (ವರ್ಷಕ್ಕೊಮ್ಮೆ ಎಲ್ಲರೂ ಸೇರಬಹುದಾದ ಅವಧಿ) ಕಾಯಬೇಕು. 13 ತುಂಬದ ಮಕ್ಕಳ ಆಫ್ಟರ್ ಕೇರ್, ಬೇಸಿಗೆಯ ಹಗಲು ಶಿಬಿರ ಬರುತ್ತದೆ. ರಾತ್ರಿ ತಂಗುವ ಶಿಬಿರ, ಭರತನಾಟ್ಯದ ಕ್ಲಾಸು, ಭಾನುವಾರದ ಕನ್ನಡ ಕಲಿ ಬರುವುದಿಲ್ಲ. ಪಕ್ಕದ ಬೀದಿಯ ಆಂಟಿಗೆ ನಗದು ಕೊಟ್ಟು ಬಿಡುವವರು ನೆನಪಿಡಿ, ಅವರ ಟ್ಯಾಕ್ಸ್ ನಂಬರ್ ಇಲ್ಲದೆ ತೆರಿಗೆ ಲೆಕ್ಕ ಒಪ್ಪಿಸುವುದು ಕಷ್ಟ. ಆ ಮಾತು ಮೊದಲೇ ಆಡಿಬಿಡಿ.

ಊರಿಗೆ ಹೋಗುವ ಲೆಕ್ಕವೂ ಈಗ ಬಿಗಿ. ಮೂರರಿಂದ ಹದಿನೈದು ವರ್ಷ ಸೇವೆಯವರಿಗೆ ವರ್ಷಕ್ಕೆ 160 ಗಂಟೆ ಆನ್ಯುಯಲ್ ಲೀವ್, ಬಹುತೇಕರಿಗೆ ಮುಂದಿನ ವರ್ಷಕ್ಕೆ ಸಾಗಿಸುವ ಮಿತಿ 240. ಎರಡು ವರ್ಷಕ್ಕೊಮ್ಮೆ ಐದು ವಾರ ಹೋಗುವವರು ಮಧ್ಯದ ವರ್ಷ ಕೈ ಬಿಗಿ ಹಿಡಿಯಬೇಕು. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಸುತ್ತ ಹೊರಟರೆ ಸರ್ಕಾರಿ ರಜೆಯ ದಿನಗಳು ನಿಮ್ಮ ಖಾತೆಯಿಂದ ಹೋಗುವುದಿಲ್ಲ.

ಮರುಪ್ರಶ್ನೆ (ಆಶ್‌ಬರ್ನ್ ಮನೆಯವರು)

ಎಲ್ಲರಿಗೂ ಧನ್ಯವಾದ, ಪ್ರಿಂಟ್ ತೆಗೆದುಕೊಂಡೆ. ನನಗೆ ಮೈಗ್ರೇನ್ ಇದೆ, ತಿಂಗಳಿಗೆ ಐದಾರು ದಿನ. ವಿನಾಯಿತಿ ಕೇಳಬಹುದೇ?

ಉತ್ತರ (ಕಡತ ಓದುವವರು)

ಕೇಳಬಹುದು. 1973ರ ರಿಹ್ಯಾಬಿಲಿಟೇಷನ್ ಕಾಯ್ದೆಯಡಿ ರೀಸನಬಲ್ ಅಕಾಮಡೇಷನ್ ಎನ್ನುತ್ತಾರೆ. ಅದೇ ಪದ ಬಳಸಬೇಕೆಂದಿಲ್ಲ. ಕಾಯಿಲೆಯ ಕಾರಣಕ್ಕೆ ಕೆಲಸದಲ್ಲಿ ಬದಲಾವಣೆ ಬೇಕೆಂದು ಮೇಲಧಿಕಾರಿಗೋ ಅಕಾಮಡೇಷನ್ ಸಂಯೋಜಕರಿಗೋ ತಿಳಿಸಿದರೆ ಸಾಕು. ಬಾಯಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲಿನಲ್ಲೂ ಹಾಕಿ.

ಅರ್ಜಿ ಬಿದ್ದುಹೋಗುವುದು ಸಾಮಾನ್ಯವಾಗಿ ಡಾಕ್ಟರ ಪತ್ರದಿಂದ. "ಮೈಗ್ರೇನ್ ಇದೆ, ಮನೆಯಿಂದ ಕೆಲಸ ಮಾಡಿದರೆ ಒಳ್ಳೆಯದು" ಎಂಬ ಪತ್ರಕ್ಕೆ ಬೆಲೆಯಿಲ್ಲ. ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆ, ಬಂದಾಗ ಏನು ಮಾಡಲಾಗುವುದಿಲ್ಲ (ಪರದೆ ನೋಡಲಾಗದು, ಟ್ಯೂಬ್‌ಲೈಟ್ ತಡೆಯದು), ಮನೆಯಲ್ಲಿ ಯಾವ ವ್ಯವಸ್ಥೆಯಿಂದ ಅದೇ ಕೆಲಸ ಆಗುತ್ತದೆ, ಎಷ್ಟು ತಿಂಗಳಿಗೆ ಬೇಕು, ಇವು ಬೇಕು. ಐದೂ ದಿನ ಮನೆ ಎಂದು ಕೇಳುವ ಬದಲು "ತಲೆನೋವು ಬಂದ ದಿನ ಮನೆಯಿಂದ" ಎಂದು ಕೇಳಿ, ನಿಮ್ಮ ಸ್ಥಿತಿಗೆ ಹೊಂದುವುದು ಅದೇ. ನೀವು ಕೇಳಿದ್ದನ್ನೇ ಕೊಡಬೇಕೆಂಬ ನಿಯಮವಿಲ್ಲ; ಮಂದ ಬೆಳಕಿನ ಕೋಣೆ ಕೊಟ್ಟು ಅದು ಸಾಕಾಗುವಂತಿದ್ದರೆ ಅವರ ಕರ್ತವ್ಯ ಮುಗಿಯಿತು. ಸಾಕಾಗದಿದ್ದರೆ ಯಾಕೆಂದು ತಾರೀಖು ಸಮೇತ ಬರೆದಿಡಿ. ತೀರ್ಮಾನ ಬರುವವರೆಗೆ ತಾತ್ಕಾಲಿಕ ಅನುಕೂಲವನ್ನೂ ಅದೇ ಅರ್ಜಿಯಲ್ಲಿ ಕೇಳಿ. ನಿರಾಕರಿಸಿದರೆ ಇಇಒ (ಸಮಾನ ಉದ್ಯೋಗಾವಕಾಶ) ಸಲಹೆಗಾರರನ್ನು 45 ದಿನದೊಳಗೆ ಕಾಣಬೇಕು, ಶನಿವಾರ ಭಾನುವಾರವೂ ಆ ಲೆಕ್ಕದಲ್ಲಿವೆ. ಇಲಾಖೆಯೊಳಗೆ ಮರುಪರಿಶೀಲನೆಗೆ ಹಾಕಿದ್ದೇನೆಂದು ಕಾಯುತ್ತ ಕೂತರೆ ಈ ಗಡುವು ದಾಟಿಹೋಗುತ್ತದೆ.

ಉತ್ತರ (ಮೊದಲ ದಿನ)

ಪಿಐವಿ ಕಾರ್ಡ್ (ಫೆಡರಲ್ ನೌಕರರ ಗುರುತಿನ ಚೀಟಿ) ನೋಡಿಕೊಳ್ಳಿ. ಮೇಲೆ ಅಚ್ಚಾದ ತಾರೀಖು ಬೇರೆ, ಒಳಗಿನ ಸರ್ಟಿಫಿಕೇಟಿನ ತಾರೀಖು ಬೇರೆ. ಎರಡನೆಯದು ಮುಗಿದರೆ ಕಟ್ಟಡದ ಗೇಟು ತೆರೆದರೂ ಲ್ಯಾಪ್‌ಟಾಪ್ ತೆರೆಯದು. ಗೇಟಿಗೆ ನಿಮ್ಮ ಕಾರ್ಡ್ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಸೆಕ್ಯುರಿಟಿಗೆ ಹಿಂದಿನ ವಾರವೇ ಕೇಳಿ. ಮೇಜಿನ ಮೇಲೆ ಲ್ಯಾಪ್‌ಟಾಪ್ ಜೋಡಿಸುವ ಡಾಕಿಂಗ್ ಸ್ಟೇಷನ್ ನಿಮ್ಮದಕ್ಕೆ ಹೊಂದುವುದೋ ನೋಡಿ, ಹೆಡ್‌ಸೆಟ್ ಒಯ್ಯಿರಿ. ತೆರೆದ ಹಾಲಿನಲ್ಲಿ ನಲವತ್ತು ಜನ ಒಟ್ಟಿಗೆ ಟೀಮ್ಸ್ ಕರೆಯಲ್ಲಿರುತ್ತಾರೆ. ಮೈಕ್ರೋವೇವ್ ಮುಂದೆ ಸರದಿ ಉದ್ದ, ಮೊಸರನ್ನವೇ ವಾಸಿ.

ಟೆಲಿವರ್ಕ್ ಕರಾರನ್ನು ಇಲಾಖೆ 'ಸಂದರ್ಭಕ್ಕೆ ಮಾತ್ರ' ಎಂದು ಉಳಿಸುತ್ತದೆಯೋ ಪೂರ್ತಿ ರದ್ದು ಮಾಡುತ್ತದೆಯೋ ಕೇಳಿಕೊಳ್ಳಿ. ಉಳಿಸಿದರೆ ಹಿಮ ಬಿದ್ದು ಕಚೇರಿ ಮುಚ್ಚಿದ ದಿನ ನಿಮಗೆ ಸಾಮಾನ್ಯವಾಗಿ ಹವಾಮಾನ ರಜೆ ಇಲ್ಲ, ಮನೆಯಿಂದ ಕೆಲಸ ಮಾಡಬೇಕು. ಮಕ್ಕಳ ಶಾಲೆಗೂ ಅವತ್ತೇ ರಜೆ. ಅಂಥ ದಿನ ಮಕ್ಕಳನ್ನು ನೋಡಿಕೊಂಡ ಗಂಟೆಗಳನ್ನು ಆನ್ಯುಯಲ್ ಲೀವ್‌ನಲ್ಲಿ ತೋರಿಸಿ, ಉಳಿದದ್ದನ್ನು ಕೆಲಸ ಎಂದು ತುಂಬಿ.