ಅಕ್ಷರ ಕಿತ್ತರೂ ದೋಣಿಯ ಮೈಮೇಲೆ ಉಳಿದ ಹಳೆಯ ಹೆಸರು

ಪ್ರಶ್ನೆ:
ಫೈಬರ್‌ಗ್ಲಾಸ್ ದೋಣಿಯ ಪಕ್ಕದ ವಿನೈಲ್ ಅಕ್ಷರಗಳನ್ನು ಹೇರ್ ಡ್ರೈಯರ್‌ನಿಂದ ಬಿಸಿಮಾಡಿ ಕಿತ್ತು, ಅಂಟನ್ನೂ ಪೂರ್ತಿ ಒರೆಸಿದ್ದೇನೆ. ಆದರೂ ನೀಲಿ ಮೈಮೇಲೆ ಹಳೆಯ ಹೆಸರು ಕಡುಬಣ್ಣದಲ್ಲಿ ಎದ್ದು ಕಾಣುತ್ತಿದೆ. ಈ ಕಲೆಯನ್ನು ಹೋಗಲಾಡಿಸುವುದು ಹೇಗೆ?

ಉತ್ತರ 1:
ಅದು ಕಲೆಯಲ್ಲ, ದೋಣಿಯ ಮೂಲ ಬಣ್ಣ. ಅಕ್ಷರದಡಿಯ ಜೆಲ್‌ಕೋಟ್ (ಫೈಬರ್‌ಗ್ಲಾಸ್ ಮೇಲಿನ ಬಣ್ಣದ ರಾಳದ ಹೊರಪದರ) ಬಿಸಿಲು ಕಾಣದೆ ಹಾಗೆಯೇ ಉಳಿದಿದೆ. ಸುತ್ತಲಿನದು ನೇರಳಾತೀತ ಕಿರಣಗಳಿಗೆ ಸಿಕ್ಕಿ ಮಾಸಿದೆ. ಆದ್ದರಿಂದ ನೀವು ಉಜ್ಜಬೇಕಾದದ್ದು ಅಕ್ಷರದ ಗುರುತನ್ನಲ್ಲ, ಅದರ ಸುತ್ತಲಿನ ಮೈಯನ್ನು. ಮೊದಲು ಅಂಗೈಯಗಲದ ಜಾಗದಲ್ಲಿ ರಬ್ಬಿಂಗ್ ಕಾಂಪೌಂಡ್ (ಮೈಯನ್ನು ನವಿರಾಗಿ ಸವೆಸುವ ಪೇಸ್ಟ್) ಹಚ್ಚಿ ಉಜ್ಜಿ ನೋಡಿ. ಅದು ಸಾಲದಿದ್ದರೆ ಮಾತ್ರ 1000 ಗ್ರಿಟ್‌ನ (ಈ ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ಬಳಸುವ ಮರಳುಕಾಗದದಿಂದ, ನೀರು ಹಾಯಿಸುತ್ತ, ಹಗುರವಾಗಿ ಉಜ್ಜಿ, ಬಳಿಕ 1500 ಮತ್ತು 2000 ಗ್ರಿಟ್‌ಗೆ ಹೋಗಿ, ಕಾಂಪೌಂಡ್ ಹಾಗೂ ಪಾಲಿಶ್‌ನಿಂದ ಹೊಳಪು ತಂದು, ಕೊನೆಗೆ ಮೇಣ ಹಚ್ಚಿರಿ.

ಉತ್ತರ 2:
ಮೇಲಿನ ಸಲಹೆ ಸರಿಯಾಗಿದೆ. ಆದರೆ ಜೆಲ್‌ಕೋಟ್‌ನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟೇ ಇರುವುದರಿಂದ, ಅಂಚು ಮತ್ತು ತಿರುವುಗಳಲ್ಲಿ ದಯವಿಟ್ಟು ಒತ್ತಿ ಉಜ್ಜಬೇಡಿ. ಹೊಳಪು ತರುವ ಬಫಿಂಗ್ ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದರೆ ಮೈ ಸುಟ್ಟೀತು. ಜೆಲ್‌ಕೋಟ್ ಮೇಲೆ ಬಣ್ಣ ಬಳಿದಿದ್ದರೆ ಅದರ ಪದರ ಇನ್ನೂ ತೆಳು. ಆಗ ಮರಳುಕಾಗದವನ್ನು ಮುಟ್ಟುವುದೇ ಬೇಡ.

ಪ್ರಶ್ನೆ ಕೇಳಿದವರು:
ಬಣ್ಣ ಬಳಿದಿಲ್ಲ. ಕಾಂಪೌಂಡ್‌ನಿಂದಲೇ ಗುರುತು ಬಹುಪಾಲು ಮರೆಯಾಯಿತು. ಉಳಿದ ಎರಡು ಅಕ್ಷರಗಳ ಸುತ್ತ ಮಾತ್ರ 1500ರಿಂದ ಆರಂಭಿಸುತ್ತೇನೆ.